ರೀಲು ಹರಿದಲ್ಲಿ ಕೂತಿದ್ದ ಕೈದಿ

ಬಿಳಿಯರು ತೆಗೆದ ಜಪಾನಿ ಕತ್ತಿಯಾಳುಗಳ ಸಿನಿಮಾವೊಂದನ್ನು ನಾನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಊರುಗಳಲ್ಲಿ ನಿಂತು ಜನರಿಗೆ ಬಿಡಿಸಿ ಹೇಳಿದ್ದೇನೆ. ಒಂದೆರಡು ಸಲವಲ್ಲ, ಹದಿನೇಳು ಸಲ. ಇಷ್ಟಾಗಿಯೂ ಆ ಸಿನಿಮಾದ ಕಥೆ ಏನೆಂದು ಇವತ್ತು ಯಾರಾದರೂ ಕೇಳಿದರೆ ನನ್ನಿಂದ ಹೇಳಲಾಗದು. ಮರೆತಿದ್ದೇನೆಂದಲ್ಲ, ಆಗಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಂಟಲು ಹರಿಯುವಂತೆ ಹೇಳುವುದು ಮಾಸ್ತರಿಕೆಯಲ್ಲಿ ಹೊಸದೇನಲ್ಲ. ಆದರೆ ಅದರಿಂದ ಒಬ್ಬ ಹೆಣ್ಣುಮಗಳ ಬಾಳು ಒಂದು ಕಡೆ ಹೋಗುವುದು ಇನ್ನೊಂದು ಕಡೆ ತಿರುಗಿತಲ್ಲ, ಅದನ್ನು ಈ ವಯಸ್ಸಿನಲ್ಲೂ ಮರೆಯಲಾಗಿಲ್ಲ.

ಆಗ ನಾನು ಕೊಪ್ಪಳದ ಶಾಲೆಯೊಂದರಲ್ಲಿ ಮಾಸ್ತರ. ನಿಜಾಮರ ಆಳಿಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ದಿನಕ್ಕೆ ಹತ್ತು ಸಲ ನಾಲಿಗೆ ಮಗ್ಗುಲು ಬದಲಿಸುತ್ತಿತ್ತು. ಇಂಗ್ಲಿಷನ್ನು ಗದಗಿನ ಸೋದರಮಾವನ ಮನೆಯಲ್ಲಿದ್ದಾಗ ಎರಡು ಪುಸ್ತಕದಷ್ಟು ಓದಿದ್ದೆ. ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಮಾತ್ರ ಹತ್ತರಲ್ಲಿ ಎರಡಕ್ಕೆ ಹೊಳೆಯುತ್ತಿತ್ತು. ಆದರೆ ಊರಿನಲ್ಲಿ ನನಗೆ ಇಂಗ್ಲಿಷ್ ಬರುತ್ತದೆಂಬ ಹೆಸರಿತ್ತು. ಪುಕ್ಕಟೆ ಬಂದ ಹೆಸರನ್ನು ನಾನೂ ಅಲ್ಲಗಳೆಯಲು ಹೋಗಿರಲಿಲ್ಲ.

ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮರುವರ್ಷದ ಬೇಸಿಗೆ ರಜೆಯಲ್ಲಿ ಗದಗಿನ ಕಡೆಯಿಂದ ಒಬ್ಬ ಟೂರಿಂಗ್ ಸಿನಿಮಾದವನು ಬಂದ. ಅವನ ಮಾತಾಡುವ ಮಷೀನು ಕೆಟ್ಟುಹೋಗಿತ್ತು. ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮೂಕಿ ಚಿತ್ರವೊಂದನ್ನು ಎತ್ತಿಕೊಂಡು ಬಂದಿದ್ದ. ಅದರ ಹೆಸರಿರುವ ತುಂಡು ಕಳೆದೇಹೋಗಿತ್ತು. ನಡುನಡುವೆ ಬಳ್ಳಿ ಬಳ್ಳಿಯಾದ ಇಂಗ್ಲಿಷ್ ಅಕ್ಷರಗಳಲ್ಲಿ ಮಾತು ಬರೆದ ಹಲಗೆ ಬರುತ್ತಿತ್ತು. ಅದನ್ನು ಓದಿ ಜನರಿಗೆ ಹೇಳಲು ಒಬ್ಬರು ಬೇಕಾಗಿ ಅವನು ನನ್ನ ಹುಡುಕಿಕೊಂಡು ಬಂದ. ಕಥೆ ಏನು ಎಂದು ಕೇಳಿದೆ.

"ಕತ್ತಿ ಅದಾವ, ಕುದರಿ ಅದಾವ, ಒಬ್ಬಾಕಿ ಹೆಣಮಗಳು ಅದಾಳ. ಮುಂದಿಂದು ನೀವು ನೋಡಿಕೋರಿ, ಮಾಸ್ತರ್ರ" ಎಂದ.

ಮೊದಲೊಮ್ಮೆ ನನಗೊಬ್ಬನಿಗೇ ತೋರಿಸು ಎಂದರೆ ಒಪ್ಪಲಿಲ್ಲ. ಆಟ ನಡೆಯುವುದು ಊರ ಹೊರಗಿನ ಹತ್ತಿ ಜಿನ್ನಿನ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯ, ಖಾಲಿ ಗೋದಾಮಿನಲ್ಲಿ. ಜಿನ್ನಿನ ಎಂಜಿನ್ ತಿರುಗಿದರೆ ಡೈನಮೊ ತಿರುಗಬೇಕು, ಡೈನಮೊ ತಿರುಗಿದರೆ ದೀಪ ಹತ್ತಬೇಕು. ನನ್ನೊಬ್ಬನ ಸಲುವಾಗಿ ಎಂಜಿನ್ ತಿರುಗಿಸಲು ಅದು ಯಾರಪ್ಪನದು ಎಂದು ಕೇಳಿದ. ಎಂಜಿನ್ ತಿರುಗುವುದು ಹಗಲಷ್ಟೇ, ಹಾಗಾಗಿ ಆಟವೂ ಹಗಲೇ, ಮಧ್ಯಾಹ್ನ ಮೂರೂವರೆಗೆ. ಬಿಸಿಲು ಒಳಗೆ ಬರದಂತೆ ತಗಡಿನ ತೂತುಗಳಿಗೆಲ್ಲ ಅರಳೆ ತುರುಕಿದ್ದರು. ಒಳಗೆ ಕುದಿ, ಹೊರಗೆ ಎಂಜಿನ್ನಿನ ದಡದಡ. ಪರದೆಯ ಪಕ್ಕದಲ್ಲಿ ಒಂದು ಪೆಟ್ಟಿಗೆಯ ಮೇಲೆ ನಾನು ನಿಂತಿದ್ದೆ. ಹೀಗೆ, ಜನ ಮೊದಲ ಸಲ ನೋಡುವಾಗ ನಾನೂ ಮೊದಲ ಸಲ ನೋಡುತ್ತ, ನೋಡಿದ್ದನ್ನು ಮೊದಲೇ ಬಲ್ಲವನಂತೆ ಹೇಳತೊಡಗಿದೆ.

ಪರದೆಯ ಮೇಲೆ ಬಂದವರನ್ನು ನೋಡಿ ನನಗೆ ಗಾಬರಿಯಾಯಿತು, ಜನರಿಗೆ ಆಗಲಿಲ್ಲ. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಕಟ್ಟಿದ ಗಂಡಸರು, ನೆರಿಗೆ ನೆರಿಗೆಯ ದೊಗಳೆ ಬಟ್ಟೆ, ಸೊಂಟದಲ್ಲಿ ಒಂದರ ಮೇಲೊಂದು ಎರಡು ಕತ್ತಿ. "ಚಂಡಿಕಿ ಬಿಟ್ಟಾರ ನೋಡೋ" ಎಂದು ಒಬ್ಬ ಕೂಗಿದ. ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಟ್ಟರು. "ಛಲೋ ಮಂದಿ ಅದಾರ" ಎಂದು ಹೆಂಗಸರ ಕಡೆಯಿಂದ ಮಾತು ಬಂತು. ನೆಲದ ಮೇಲೆ ಕೂತು ಉಂಡರು, ದೊರೆಯ ಮುಂದೆ ಹಣೆ ನೆಲಕ್ಕೆ ಹಚ್ಚಿದರು. ಹತ್ತು ನಿಮಿಷದಲ್ಲಿ ಜನ ಅವರನ್ನು ತಮ್ಮವರೆಂದು ಒಪ್ಪಿಕೊಂಡುಬಿಟ್ಟರು. ಬೂಟು ಹಾಕಿಕೊಂಡು ಮಂಚ ಏರುವ ಸಾಹೇಬರನ್ನು ಸಿನಿಮಾಗಳಲ್ಲಿ ನೋಡಿ ಅವರಿಗೆ ಸಾಕಾಗಿತ್ತೆಂದು ಕಾಣುತ್ತದೆ.

"ಮಾಸ್ತರ್ರ, ಇವ್ರು ಯಾ ದೇಶದಾವ್ರು?"

"ಜಪಾನದಾವ್ರು."

"ಈಗ ಸರಕಾರದ ಮ್ಯಾಲ ಯುದ್ಧ ಮಾಡಾಕತ್ತಾರಲ್ಲ, ಅವ್ರಾ?"

"ಅವ್ರ ಮುತ್ತ್ಯಾರು."

"ಮತ್ತ ಇವ್ರ ಮಾರಿ ಸಾಹೇಬರ ಮಾರಿ ಇದ್ದಂಗ ಐತೆಲ್ರಿ?"

ನಿಜ. ಮೂಗು ನೋಡಿದರೆ ಸಾಹೇಬರೇ. ಕಣ್ಣಿನ ತುದಿಗೆ ಕಪ್ಪು ಎಳೆದು, ರೆಪ್ಪೆಗೆ ಅದೇನನ್ನೋ ಅಂಟಿಸಿ ಜಪಾನಿನವರಾಗಿದ್ದರು. ವೇಷ ಹಾಕಿದ್ದಾರೆ ಎಂದು ಹೇಳಿದೆ. ಬಯಲಾಟ ನೋಡಿದ ಜನಕ್ಕೆ ಅದು ದೊಡ್ಡ ಮಾತಲ್ಲ. ಆದರೆ ಮೂಲೆಯಿಂದ ಇನ್ನೊಂದು ಪ್ರಶ್ನೆ ಬಂತು. ತಮ್ಮ ದುಷ್ಮನ್ನರ ವೇಷವನ್ನು ತಾವೇ ಹಾಕಿಕೊಂಡು ಅವರನ್ನು ಇಷ್ಟು ಶೂರರೆಂದು ಸಾಹೇಬರು ಯಾಕೆ ತೋರಿಸುತ್ತಾರೆ? ಬಯಲಾಟದಲ್ಲಿ ರಾಕ್ಷಸನ ವೇಷ ಹಾಕುವುದಿಲ್ಲವೇ ಎಂದು ಇನ್ನೊಬ್ಬ. ರಾಕ್ಷಸನ ವೇಷವಾದರೆ ಕೋರೆಹಲ್ಲು ಎಲ್ಲಿ ಎಂದು ಮತ್ತೊಬ್ಬ. ಸಿನಿಮಾ ತೆಗೆದಾಗ ದುಷ್ಮನಿ ಇರಲಿಲ್ಲ, ಈಗ ಆಗಿದೆ ಎಂಬ ಸಣ್ಣ ಉತ್ತರ ನನಗೆ ಹೊಳೆದದ್ದು ಮನೆಗೆ ಬಂದು ಸ್ನಾನ ಮಾಡುವಾಗ.

ಆಮೇಲೆ ಆ ದೃಶ್ಯ. ಒಬ್ಬ ಮುದುಕ ಕತ್ತಿಯಾಳು ಬಿಳಿ ಬಟ್ಟೆ ಉಟ್ಟು ಚಾಪೆಯ ಮೇಲೆ ಕೂತ. ಮುಂದೆ ಸಣ್ಣ ಚೂರಿ. ಒಂದು ಉದ್ದ ಬರಹ ಬಂದು ಹೋಯಿತು, ನನಗೆ ಅದರಲ್ಲಿ 'ದೊರೆ' ಎಂಬ ಒಂದೇ ಶಬ್ದ ಸಿಕ್ಕಿತು. ಮುದುಕ ಚೂರಿಯಿಂದ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡ. ಯಾಕೆ ಸೀಳಿಕೊಂಡ? ತಪ್ಪು ಮಾಡಿದನೇ? ಹುಚ್ಚೇ? ಹೇಳಬೇಕಾದ ನಾನೇ ಹೀಗೆ ತಡಕಾಡುತ್ತಿದ್ದಾಗ ಗಂಡಸರ ನಡುವಿನಿಂದ ಒಬ್ಬ ಹಿರಿಯ ಎದ್ದು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಅವರಿಗೆ ನನ್ನ ವಿವರಣೆ ಬೇಕಾಗಿರಲಿಲ್ಲ. ನಮ್ಮ ಕಡೆ ಕೆರೆಯ ದಂಡೆ, ಹೊಲದ ಬದು ಎಲ್ಲೆಂದರಲ್ಲಿ ವೀರಗಲ್ಲುಗಳಿವೆ. ಒಡೆಯನಿಗಾಗಿ ತನ್ನ ತಲೆ ತಾನೇ ಕೊಟ್ಟವನ ಕಲ್ಲೂ ಅವುಗಳಲ್ಲಿ ಉಂಟು. ಹೆಂಗಸರು ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಾರೆ. ಕಲ್ಲಿನಲ್ಲಿ ಕಂಡವನು ಇಲ್ಲಿ ಬಟ್ಟೆಯ ಮೇಲೆ ಅಲುಗಾಡುತ್ತಿದ್ದಾನೆ, ಅಷ್ಟೇ.

ಮರುದಿನ ಜನ ತೆಂಗಿನಕಾಯಿ ತಂದರು. ಆ ದೃಶ್ಯ ಬಂದದ್ದೇ ತಡ, ನಾಲ್ಕೈದು ಜನ ಮುಂದೆ ಬಂದು ಪರದೆಯ ಬುಡದಲ್ಲಿ ಫಟಾರನೆ ಕಾಯಿ ಒಡೆದರು. ಪರದೆಗೆಲ್ಲ ನೀರು ಸಿಡಿಯಿತು. ಸಿನಿಮಾದವನು "ಪರದೆ, ಪರದೆ" ಎಂದು ಬಾಯಿ ಬಡಿದುಕೊಂಡ. ಊದಿನಕಡ್ಡಿ ಹಚ್ಚಲು ಹೋದವರನ್ನು ಜಿನ್ನಿನ ಕಾವಲಿನವರು ಓಡಿಬಂದು ತಡೆದರು, ಸುತ್ತಲೂ ಹತ್ತಿ ನೋಡಿ. ನನಗೆ ನಗು ಬಂತು, ಸಿಟ್ಟೂ ಬಂತು. ಸರಕಾರದ ವೈರಿಗೆ ಕಾಯಿ ಒಡೆದ ಊರು ಇಡೀ ಹಿಂದೂಸ್ಥಾನದಲ್ಲಿ ನಮ್ಮದೊಂದೇ ಇರಬೇಕು.

ಆ ದಿನ ಆಟ ಮುಗಿದ ಮೇಲೆ ಇಬ್ಬರು ಹೆಂಗಸರು ನನಗಾಗಿ ಬಾಗಿಲಲ್ಲಿ ನಿಂತಿದ್ದರು. ಅತ್ತೆ, ಸೊಸೆ. ಇಬ್ಬರೂ ಅದೇ ಜಿನ್ನಿನಲ್ಲಿ ಹತ್ತಿಯ ಕಸಕಡ್ಡಿ ಆರಿಸುವವರು. ಅವರ ಕೆಲಸ ಮೂರಕ್ಕೇ ಮುಗಿಯುತ್ತಿತ್ತು. ಅತ್ತೆಗೆ ನನ್ನ ಗುರುತಿತ್ತು. ಅವಳ ಮಗ ಪಲ್ಟನ್ನಿಗೆ ಸೇರಿ ಮಲಯದ ಕಡೆ ಹೋದವನು. ಅವನು ಜಪಾನಿನವರಿಗೆ ಸೆರೆ ಸಿಕ್ಕಿದ್ದಾನೆಂಬ ಕಾಗದ ಹಿಂದಿನ ಚಳಿಗಾಲದಲ್ಲಿ ಬಂದಾಗ ಅದನ್ನು ಓದಿ ಹೇಳಿದವನು ನಾನೇ.

"ಮಾಸ್ತರ್ರ, ನನ್ನ ಮಗನ್ನ ಹಿಡದವ್ರು ಇವ್ರಾ ಏನ್ರಿ?" ಎಂದಳು ಅತ್ತೆ.

"ಇವರ ಮಕ್ಕಳು ಮೊಮ್ಮಕ್ಕಳು, ಯವ್ವಾ."

"ಅದಾ ರಕ್ತ ಅಲ್ಲೇನ್ರಿ ಮತ್ತ? ಇವ್ರು ಕೈಗೆ ಸಿಕ್ಕಾಂವನ್ನ ಏನ್ ಮಾಡ್ತಾರ? ಸಿನಿಮಾದಾಗ ಅದೂ ಐತೇನು?"

ಇದ್ದಿತು. ಕೊನೆಯ ಕಡೆಗೆ ಒಬ್ಬ ಸೆರೆಯಾಳಿನ ದೃಶ್ಯ ಬರುತ್ತಿತ್ತು. ಆದರೆ ಮೊದಲ ದಿನ ಎಂಜಿನ್ ನಿಂತು, ಎರಡನೆಯ ದಿನ ಕಾಯಿ ಗದ್ದಲದಲ್ಲಿ ಆ ಭಾಗವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ನಾಳೆ ಬನ್ನಿ, ಹೇಳುತ್ತೇನೆ ಎಂದೆ. ಸೊಸೆ ಅತ್ತೆಯ ಕಡೆ ನೋಡಿ, "ಮಾಸ್ತರ್ರಿಗೆ ಹೇಳು" ಎಂದಳು.

ಅತ್ತೆ ಹೇಳಿದ್ದು ಇಷ್ಟು. ಸೊಸೆಯ ಅಣ್ಣ ಹನುಮಸಾಗರದಿಂದ ಬಂದು ಕೂತಿದ್ದ. ಜಪಾನಿನವರ ಕೈಗೆ ಸಿಕ್ಕವನು ತಿರುಗಿ ಬರುವುದುಂಟೇ, ತಂಗಿಗೆ ಇನ್ನೂ ಇಪ್ಪತ್ತು ದಾಟಿಲ್ಲ, ಉಡಿಕಿ ಮಾಡುತ್ತೇನೆ ಎನ್ನುತ್ತಿದ್ದ. ಉಡಿಕಿ ಎಂದರೆ ಗಂಡ ಇಲ್ಲದಾದ ಹೆಣ್ಣಿಗೆ ಹಿರಿಯರು ಕೂಡಿ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು, ಅವರ ಜನದಲ್ಲಿ ನಡೆದುಬಂದ ಪದ್ಧತಿ, ಅದರಲ್ಲಿ ಕೀಳೇನಿಲ್ಲ. ಹನುಮಸಾಗರದಲ್ಲಿ ಗಂಡೂ ಸಿಕ್ಕಿದ್ದ, ಹೊಲ ಇದ್ದವನು. ಬರುವ ಸೋಮವಾರ ಹಿರಿಯರು ಕೂಡುವವರಿದ್ದರು. ಅತ್ತೆ ನೇರ ಮಾತಿನವಳು. "ಈಕಿನ್ನ ನಾ ಕಟ್ಟಿ ಹಾಕೂದಿಲ್ಲ. ಹಿಡದವ್ರು ಎಂಥಾವ್ರು ಅಂತ ತಾನಾ ಕಣ್ಣಾರೆ ನೋಡ್ಲಿ. ಉಳಸೂ ಮಂದಿ ಆದ್ರ ಇರ್ಲಿ, ಕಡಿಯೂ ಮಂದಿ ಆದ್ರ ಹೋಗ್ಲಿ" ಎಂದಳು.

ಸಿನಿಮಾ ನೋಡಿ ಇಂಥದ್ದನ್ನು ತೀರ್ಮಾನ ಮಾಡುವುದೇ ಎಂದು ನನಗೆ ದಿಗಿಲಾಯಿತು. ಅಲ್ಲ ಯವ್ವಾ, ಅದು ಆಟ, ಅವರು ಜಪಾನಿನವರೂ ಅಲ್ಲ, ನನಗೆ ಓದಲೂ ಬರುವುದಿಲ್ಲ ಎಂದು ಅಲ್ಲಿಯೇ ಹೇಳಿಬಿಡಬೇಕಾಗಿತ್ತು. ಹೇಳಲಿಲ್ಲ. ಇಂಗ್ಲಿಷ್ ಬಲ್ಲ ಮಾಸ್ತರನೆಂಬ ಹೆಸರು ಬಾಯಿಗೆ ಅಡ್ಡ ಬಂತು. ಅದರ ಬಗ್ಗೆ ಇಂದಿಗೂ ನಾಚಿಕೆಯಿದೆ.

ಮರುದಿನ ಮಧ್ಯಾಹ್ನ ಆಟಕ್ಕೆ ಮೊದಲು ಅಮೀನ ಸಾಹೇಬರು, ಅಂದರೆ ನಮ್ಮ ಪೊಲೀಸು ಅಧಿಕಾರಿ, ನನ್ನನ್ನು ಜಿನ್ನಿನ ಆಫೀಸಿಗೆ ಕರೆಸಿದರು. ಅವರು ಹೈದರಾಬಾದಿನ ಕಡೆಯವರು, ಬಂದು ತಿಂಗಳೂ ಆಗಿರಲಿಲ್ಲ, ಕನ್ನಡ ಒಂದಕ್ಷರ ಬಾರದು. ಒಳ್ಳೆಯ ಮನುಷ್ಯರೇ. ಆದರೆ ಕಾಯಿ ಒಡೆದ ಸುದ್ದಿ ಮುಟ್ಟಿತ್ತು.

"ಮಾಸ್ಟರ್ ಸಾಬ್, ದುಶ್ಮನ್ ಕೆ ಸಾಮ್ನೆ ನಾರಿಯಲ್? ಏ ಕ್ಯಾ ತಮಾಶಾ ಹೈ?"

ವೈರಿಯ ಮುಂದೆ ಕಾಯಿ ಒಡೆಯುವುದೇ, ಇದೇನು ತಮಾಷೆ ಎಂಬುದು ಅವರ ಪ್ರಶ್ನೆ. ವೀರಗಲ್ಲಿನ ಸಂಗತಿ ಹೇಳಲು ಹೋದೆ. ಉರ್ದುವಿನಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅವರಿಗೂ ಪೇಚು. ಬಿಳಿಯರು ತೆಗೆದ ಸಿನಿಮಾ, ನಿಲ್ಲಿಸಿದರೆ ಮೇಲಿನವರು ಕೇಳುತ್ತಾರೆ. ವೈರಿಯ ಹೊಗಳಿಕೆ, ಬಿಟ್ಟರೂ ಮೇಲಿನವರು ಕೇಳುತ್ತಾರೆ. ತಲೆ ಕೆರೆದುಕೊಂಡು ಕಡೆಗೆ ತೀರ್ಮಾನ ಕೊಟ್ಟರು. ಸಿನಿಮಾ ನಡೆಯಲಿ, ವಿವರಣೆ ಬದಲಾಗಲಿ. ಈ ಜನ ಎಷ್ಟು ಕ್ರೂರರು ಎಂದು ನಾನು ಹೇಳಬೇಕು, ತಾವು ಕುರ್ಚಿ ಹಾಕಿಕೊಂಡು ಕೇಳುತ್ತಾರೆ. ಅವರಿಗೆ ತಿಳಿಯುವಂತೆ ಪ್ರತಿ ಮಾತನ್ನೂ ಉರ್ದುವಿನಲ್ಲೂ ಹೇಳಬೇಕು.

ಹೀಗೆ ಮೂರನೆಯ ದಿನ ನಾನು ಎರಡು ನುಡಿಯಲ್ಲಿ ಹೇಳತೊಡಗಿದೆ, ಮೊದಲು ಉರ್ದು, ಆಮೇಲೆ ಕನ್ನಡ. ಹೊಟ್ಟೆ ಸೀಳಿಕೊಳ್ಳುವುದನ್ನು ಹುಚ್ಚುತನ ಎಂದೆ. ಜನ ಗುಜುಗುಜು ಮಾಡಿದರು, ಆದರೆ ಕುರ್ಚಿಯ ಕಡೆ ನೋಡಿ ಸುಮ್ಮನಾದರು. ಅತ್ತೆ ಸೊಸೆ ಎಲ್ಲರಿಗಿಂತ ಮುಂದೆ ಗೋಣಿತಟ್ಟಿನ ಮೇಲೆ ಕೂತಿದ್ದರು.

ಕೊನೆಗೆ ಸೆರೆಯಾಳು ಬಂದ. ಕೈ ಹಿಂದಕ್ಕೆ ಕಟ್ಟಿ, ದೊರೆಯ ಅಂಗಳದಲ್ಲಿ ಮೊಣಕಾಲೂರಿ ಕೂರಿಸಿದ್ದರು. ವಯಸ್ಸು ಇಪ್ಪತ್ತೈದರ ಒಳಗೆ, ಮುಖದ ಮೇಲೆ ಮಣ್ಣು. ಹಿಂದೆ ಕತ್ತಿ ಹಿರಿದ ಒಬ್ಬ ನಿಂತಿದ್ದ. ದೊರೆ ಬಹಳ ಹೊತ್ತು ಸೆರೆಯಾಳನ್ನು ನೋಡಿದ. ಉದ್ದನೆಯ ಬರಹ ಬಂತು, ನನಗೆ ಒಂದಕ್ಷರವೂ ಹತ್ತಲಿಲ್ಲ. ದೊರೆ ಕೈ ಎತ್ತಿದ. ಅಷ್ಟೇ. ಅಲ್ಲಿ ರೀಲು ಹರಿದಿತ್ತು. ಹರಿದದ್ದನ್ನು ಯಾರೋ ಯಾವಾಗಲೋ ಜೋಡಿಸಿದ್ದರು. ಎತ್ತಿದ ಕೈ ಇಳಿಯುವ ಮೊದಲೇ ಹೂದೋಟ ಬಂದುಬಿಟ್ಟಿತು, ಅದರಲ್ಲಿ ಕಣ್ಣಿಗೆ ಕಪ್ಪು ಎಳೆದ ಬಿಳಿಯ ಹೆಣ್ಣುಮಗಳು ಛತ್ರಿ ಹಿಡಿದು ನಿಂತಿದ್ದಳು. ಎತ್ತಿದ ಆ ಕೈ ಕಡಿ ಎಂದಿತೋ ಬಿಡು ಎಂದಿತೋ ಯಾರಿಗೂ ಗೊತ್ತಿಲ್ಲ.

"ಫಿರ್ ಕ್ಯಾ ಹುವಾ?" ಮುಂದೇನಾಯಿತು ಎಂದು ಹಿಂದಿನಿಂದ ಅಮೀನ ಸಾಹೇಬರು ಕೇಳಿದರು.

ನಾನು ಉರ್ದುವಿನಲ್ಲಿ, "ಹುಜೂರ್, ಕತ್ಲ್ ಕರ್ ದಿಯಾ" ಎಂದೆ. ಕೊಂದುಬಿಟ್ಟರು. ಸಾಹೇಬರು ಸಮಾಧಾನದಿಂದ ತಲೆಯಾಡಿಸಿದರು. ಮುಂದೆ ಸೊಸೆ ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಈಗ ಕನ್ನಡದಲ್ಲಿ ಹೇಳಬೇಕು. ಏನು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ, ನನ್ನ ಬಾಯಿಂದ ಬಂದದ್ದು ಇದು: "ದೊರಿ ಕೈ ಎತ್ತಿ, ಹಗ್ಗ ಬಿಚ್ಚರಿ, ಊಟಕ್ಕ ಹಾಕ್ರಿ ಅಂದ. ಕೈಗೆ ಸಿಕ್ಕಾಂವನ್ನ ಕಡಿಯೂದು ಈ ಮಂದ್ಯಾಗಿಲ್ಲ."

ನನ್ನ ಮೂರ್ಖತನ ನನಗೆ ಆಗ ಹೊಳೆಯಿತು. ಅಮೀನ ಸಾಹೇಬರಿಗೆ ಕನ್ನಡ ಬರುವುದಿಲ್ಲ, ಸರಿ. ಆದರೆ ನಮ್ಮ ಜನಕ್ಕೆ ಉರ್ದು ಬರುವುದಿಲ್ಲವೇ? ಸಂತೆಯಲ್ಲಿ, ಕಚೇರಿಯಲ್ಲಿ, ಜಿನ್ನಿನಲ್ಲಿ ದಿನವೂ ಕೇಳುವ ನುಡಿ. ಇನ್ನೂರು ಜನರೂ ಎರಡನ್ನೂ ಕೇಳಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಸಾಹೇಬರ ಮುಂದೆ ನನ್ನನ್ನು ಬಿಟ್ಟುಕೊಡಬಾರದೆಂದು ಸುಮ್ಮನಿದ್ದರೋ, ಅವರಿಗೂ ನನ್ನಂತೆ ತಲೆ ಕೆಟ್ಟಿತ್ತೋ. ಹೊರಗೆ ಹೋಗುವಾಗ ಒಬ್ಬೊಬ್ಬರೂ ನನ್ನ ಮುಖ ನೋಡಿಕೊಂಡು ಹೋದರು.

ಮರುದಿನ ಮಧ್ಯಾಹ್ನ ಸೊಸೆ ಒಬ್ಬಳೇ ಬಂದಳು. ನಾನು ಜಿನ್ನಿನ ಅಂಗಳದ ಬೇವಿನ ನೆರಳಿನಲ್ಲಿ ಕೂತಿದ್ದೆ. ಸೆರಗಿಗೆಲ್ಲ ಅರಳೆ ಹತ್ತಿತ್ತು. ದೂರ ನಿಂತು ಕೇಳಿದಳು.

"ಮಾಸ್ತರ್ರ, ನಿನ್ನೆ ಎರಡು ಮಾತು ಹೇಳಿದ್ರಿ. ಯಾವುದು ಖರೇ?"

"ಅಮೀನ ಸಾಹೇಬರಿಗೆ ಹಂಗ ಹೇಳಬೇಕಿತ್ತವಾ."

"ಹಂಗಾರ ನಮಗ ಹೇಳಿದ್ದಾ ಖರೇ?"

ಅವಳಿಗೆ ಬೇಕಾದದ್ದು ಹೌದು ಅಥವಾ ಇಲ್ಲ. ಇಲ್ಲ ಎಂದರೆ ಹನುಮಸಾಗರ, ಹೊಲ, ಗಂಡ, ಮಕ್ಕಳು. ಹೌದು ಎಂದರೆ ಈ ಅರಳೆ, ಈ ಅತ್ತೆ, ಬಂದರೂ ಬಂದಾನು ಎಂಬ ಒಬ್ಬ. ನನಗೆ ಗೊತ್ತಿಲ್ಲ ಎನ್ನುವ ಮೂರನೆಯ ಉತ್ತರವೊಂದಿತ್ತು, ಅದೇ ಸತ್ಯವಾಗಿತ್ತು. ಆದರೆ ಯಾವ ಮುಖ ಹೊತ್ತು ಹೇಳಲಿ? ನಾನು ಹೌದು ಎಂದೆ.

ಅವಳು ನನ್ನ ಮುಖ ನೋಡಿ, "ಆತ್ರಿ" ಎಂದು ಹೊರಟುಹೋದಳು. ಸೋಮವಾರ ಹಿರಿಯರು ಕೂಡಿದಾಗ ತಾನು ಉಡಿಕಿ ಆಗುವುದಿಲ್ಲ ಎಂದು ಹೇಳಿ ಅಣ್ಣನನ್ನು ಕಳಿಸಿಬಿಟ್ಟಳೆಂದು ತಿಳಿಯಿತು. ಅಷ್ಟೊತ್ತಿಗೆ ನಾನು ಸಿನಿಮಾದ ಡಬ್ಬಿಗಳ ಜೊತೆ ಗಂಗಾವತಿಗೆ ಹೋಗುವ ಬಸ್ಸಿನಲ್ಲಿದ್ದೆ.

ಗಂಗಾವತಿಯಲ್ಲಿ ಆ ಸೆರೆಯಾಳನ್ನು ಕೊಂದೆ. ಅಲ್ಲಿಯ ಜನ ಒಪ್ಪಲಿಲ್ಲ, ಅಂಥ ಗಂಭೀರ ದೊರೆ ಕಟ್ಟಿದವನನ್ನು ಕಡಿಸುವುದಿಲ್ಲ ಎಂದು ಜಗಳಕ್ಕೆ ಬಂದರು. ಕುಷ್ಟಗಿಯಲ್ಲಿ ಹಗ್ಗ ಹರಿದುಕೊಂಡು ಓಡಿಹೋದ ಎಂದೆ. ಓಡುವುದನ್ನು ಯಾಕೆ ತೋರಿಸಲಿಲ್ಲ ಎಂದು ಕೇಳಿದರು. ಕುಷ್ಟಗಿಯಲ್ಲಿ ನೇಕಾರರು ಬಹಳ ಬಂದಿದ್ದರು, ಅವರು ಕಥೆಯನ್ನೇ ನೋಡುತ್ತಿರಲಿಲ್ಲ, ಬಟ್ಟೆ ನೋಡುತ್ತಿದ್ದರು. ಒಬ್ಬ ನೇಕಾರ ನನ್ನ ಬಳಿ ಬಂದು, "ಮಾಸ್ತರ್ರ, ಇವ್ರು ಈ ಅರಿವಿ ದಿನಾ ಉಡೂ ಮಂದಿ ಅಲ್ಲ ನೋಡ್ರಿ. ಒಮ್ಮಿ ಎಡಗಡೆದು ಮ್ಯಾಲ ಬರತೈತಿ, ಒಮ್ಮಿ ಬಲಗಡೆದು" ಎಂದ. ನಾನು ಹತ್ತು ಸಲ ನೋಡಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಯಲಬುರ್ಗಾದಲ್ಲಿ ಕಚೇರಿಯ ಗುಮಾಸ್ತನೊಬ್ಬ ಎದ್ದು ನಿಂತು, ಬರಹದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿರಿ ಎಂದು ಹಟ ಹಿಡಿದ. ಕಣ್ಣಿಗೆ ಧೂಳು ಹೋಗಿದೆ ಎಂದು ಉಜ್ಜಿಕೊಳ್ಳುತ್ತ ಕೆಳಗಿಳಿದೆ. ಆ ದಿನ ಸೆರೆಯಾಳಿಗೆ ಏನೂ ಆಗಲಿಲ್ಲ, ಕೂತವನು ಕೂತೇ ಇದ್ದ.

ಬಹಳ ವರ್ಷಗಳ ಮೇಲೆ ಧಾರವಾಡದ ಮಗಳ ಮನೆಗೆ ಹೋದಾಗ ಅಲ್ಲಿನ ಕಾಲೇಜಿನವರು ಜಪಾನಿನವರೇ ತೆಗೆದ ಕತ್ತಿಯಾಳುಗಳ ಸಿನಿಮಾವೊಂದನ್ನು ತೋರಿಸಿದರು. ಬಾಯಿ ಬಿಟ್ಟುಕೊಂಡು ನೋಡಿದೆ. ಮಳೆ, ಕೆಸರು, ಹಸಿದ ರೈತರು, ಮೈ ಕೆರೆದುಕೊಳ್ಳುವ ಕತ್ತಿಯಾಳುಗಳು. ನಾನು ಹದಿನೇಳು ಸಲ ಹೇಳಿದ ದೇಶ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪಕ್ಕದಲ್ಲಿ ಕೂತ ಪ್ರೊಫೆಸರರೊಬ್ಬರು ಆ ಬಟ್ಟೆಯ ಬಗ್ಗೆ ಹೇಳಿದರು. ಬದುಕಿದವರು ಎಡ ಮಗ್ಗುಲನ್ನು ಮೇಲೆ ಮಾಡಿ ಉಡುತ್ತಾರಂತೆ, ಬಲ ಮಗ್ಗುಲನ್ನು ಮೇಲೆ ಮಾಡಿ ಉಡಿಸುವುದು ಹೆಣಕ್ಕಂತೆ. ಕುಷ್ಟಗಿಯ ನೇಕಾರ ನೆನಪಾದ. ಆ ಸೆರೆಯಾಳಿನ ಬಟ್ಟೆ ಯಾವ ಕಡೆಗಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅದು ಆಮೇಲಿನ ಮಾತು. ಕೊಪ್ಪಳದಲ್ಲಿ ಆ ಹೆಣ್ಣುಮಗಳು ಕಾದಳು. ಒಂದು ಸುಗ್ಗಿ, ಎರಡು ಸುಗ್ಗಿ, ಮೂರು ಸುಗ್ಗಿ. ಹಾದಿಯಲ್ಲಿ ಎದುರಾದರೆ ನಾನು ಇನ್ನೊಂದು ಓಣಿ ಹಿಡಿಯುತ್ತಿದ್ದೆ. ಹನುಮಸಾಗರದ ಆ ಗಂಡು ಬೇರೆಯವಳನ್ನು ತಂದುಕೊಂಡು ಎರಡು ಮಕ್ಕಳ ತಂದೆಯಾದನೆಂದು ಕೇಳಿದೆ. ಯುದ್ಧ ಮುಗಿಯಿತು. ಸೆರೆಯಿಂದ ಬಿಟ್ಟವರು ಒಬ್ಬೊಬ್ಬರೇ ಊರಿಗೆ ಬರುತ್ತಿದ್ದಾರೆಂಬ ಸುದ್ದಿ ಬರುತ್ತಿತ್ತು. ನನಗೆ ದೇವರಲ್ಲಿ ಅಂಥ ಭಕ್ತಿಯೇನಿರಲಿಲ್ಲ, ಆದರೂ ಆಗ ದಿನಾ ಕೈ ಮುಗಿದೆ.

ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಅವಳು ಶಾಲೆಗೆ ಬಂದಳು. ಸೆರಗಿನ ಗಂಟಿನಿಂದ ಕಾಗದ ತೆಗೆದು ಕೊಟ್ಟಳು. ಸೆರೆಯಲ್ಲಿದ್ದಾಗ ತೀರಿಕೊಂಡ ಎಂದಿತ್ತು. ಯಾವುದೋ ದ್ವೀಪದ ಹೆಸರು. ಕೆಳಗೆ ತಾರೀಖು. ಅದನ್ನು ಎರಡು ಸಲ ಓದಿದೆ. ಸಿನಿಮಾ ಬಂದ ಬೇಸಿಗೆಗೂ ಹಿಂದಿನ ಮಳೆಗಾಲ. ಅಂದರೆ ಅವನು ಸೆರೆಯಾದ ಕಾಗದವನ್ನು ನಾನು ಓದಿದಾಗಲೇ ಅವನಿರಲಿಲ್ಲ. ಹಗ್ಗ ಬಿಚ್ಚಿ ಊಟಕ್ಕೆ ಹಾಕಿ ಎಂದು ನಾನು ಪೆಟ್ಟಿಗೆಯ ಮೇಲೆ ನಿಂತು ಕೂಗಿದಾಗ ಅವನು ಸತ್ತು ತಿಂಗಳುಗಳೇ ಆಗಿದ್ದವು.

ಎಲ್ಲವನ್ನೂ ಹೇಳಿಬಿಟ್ಟೆ. ತಾರೀಖು ಹೇಳಿದೆ, ರೀಲು ಹರಿದದ್ದು ಹೇಳಿದೆ, ಆ ಬರಹ ನನಗೆ ಓದಲು ಬರಲೇ ಇಲ್ಲ ಎಂದೂ ಹೇಳಿದೆ. ಅವಳು ಬೈಯಲಿ ಎಂದು ಕಾದೆ.

"ಗೊತ್ತಿತ್ರಿ" ಎಂದಳು.

"ಏನ್ ಗೊತ್ತಿತ್ತು?"

"ನಿಮಗ ಗೊತ್ತಿಲ್ಲಂತ. ಆವತ್ತ ನಿಮ್ಮ ಮಾರಿ ನೋಡಿದ್ನೆಲ್ರಿ."

"ಮತ್ತ ಯಾಕ ಕಾದಿ, ತಂಗಿ?"

"ಎರಡೂ ಮಾತು ಕೇಳಿದ್ನಿ. ಒಂದು ಹಿಡಕೊಂಡ್ನಿ" ಎಂದಳು.

ಅದನ್ನು ನಾನು ನನ್ನ ತಪ್ಪು ಮನ್ನಾ ಆಯಿತು ಎಂದು ತಿಳಿಯಬೇಕೋ, ಇನ್ನೂ ದೊಡ್ಡ ಹೊರೆ ಎಂದು ತಿಳಿಯಬೇಕೋ, ಇವತ್ತಿಗೂ ಬಗೆಹರಿದಿಲ್ಲ. ಅವಳು ಬಂದದ್ದು ಅದಕ್ಕಲ್ಲ. ಪಲ್ಟನ್ನಿನಿಂದ ತಿರುಗಿ ಬಂದವನೊಬ್ಬ ಸುದ್ದಿಯನ್ನು ಮೊದಲೇ ಹೇಳಿಹೋಗಿದ್ದ. ಕೇಳಿದಂದಿನಿಂದ ಅತ್ತೆ ಮೂರು ದಿನ ಬಾಯಿಗೆ ಏನೂ ಹಾಕಿರಲಿಲ್ಲ. ಸತ್ತ ಎನ್ನುವುದನ್ನು ಒಪ್ಪಿದ್ದಳು. ಹಸಿದು ಸತ್ತನೋ ಉಂಡು ಸತ್ತನೋ ಎಂಬುದೊಂದೇ ಅವಳ ಮಾತು.

"ನೀವು ಬಂದು ಹೇಳ್ರಿ. ಆಕಿ ನಿಮ್ಮ ಮಾತು ನಂಬತಾಳ."

"ನನಗೇನು ಗೊತ್ತೈತಿ ಅಂತ ಹೇಳ್ಲವಾ?"

"ಆವತ್ತರ ಏನ್ ಗೊತ್ತಿತ್ತು?" ಎಂದಳು. ಸಿಟ್ಟಿನಿಂದಲ್ಲ.

ಅವಳ ಹಿಂದೆ ಹೋದೆ. ಆ ಸೆರೆಯಾಳುಗಳನ್ನು ಹೇಗಿಟ್ಟಿದ್ದರು ಎಂಬುದನ್ನು ಮುಂದೆ ಒಂದು ಪುಸ್ತಕದಲ್ಲಿ ಓದಲು ಹೋಗಿ ಅರ್ಧಕ್ಕೇ ಮುಚ್ಚಿಟ್ಟಿದ್ದೇನೆ. ಆ ದಿನ ಅದೇನೂ ಗೊತ್ತಿರಲಿಲ್ಲ. ಅತ್ತೆ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ತಾಟಿನಲ್ಲಿ ಎರಡು ಜೋಳದ ರೊಟ್ಟಿ ಒಣಗಿ ಕೂತಿದ್ದವು. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.

"ಮಾಸ್ತರ್ರ, ನನ್ನ ಮಗ ಹಸಗೊಂಡು ಸತ್ನೇನ್ರಿ?"

"ಇಲ್ಲ ಯವ್ವಾ. ಉಂಡಿದ್ದ."

"ಏನ್ ಉಂಡಿದ್ದ? ಅಲ್ಲೆ ರೊಟ್ಟಿ ಬಡಿಯೂರು ಯಾರದಾರ?"

ಆ ದೇಶದಲ್ಲಿ ಏನು ಬೆಳೆಯುತ್ತಾರೆ ಎಂದು ಭೂಗೋಳದ ಪಾಠದಲ್ಲಿ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದ ಒಂದು ಸಾಲು ನಾಲಿಗೆಗೆ ಬಂತು.

"ಅನ್ನ" ಎಂದೆ.

"ಅನ್ನ?" ಅವಳು ನೆಟ್ಟಗೆ ಕೂತಳು. "ದಿನಾ?"

"ದಿನಾ."

"ಎರಡೂ ಹೊತ್ತು?"

"ಎರಡೂ ಹೊತ್ತು."

ಜೋಳ ಬೆಳೆಯುವ ನಮ್ಮ ಎರೆಭೂಮಿಯಲ್ಲಿ ಆಗ ಅನ್ನವೆಂದರೆ ಹಬ್ಬಕ್ಕೆ, ಇಲ್ಲವೇ ಬೇನೆ ಬಿದ್ದವರಿಗೆ. ಯುದ್ಧದ ಆ ವರ್ಷಗಳಲ್ಲಿ ಹಬ್ಬಕ್ಕೂ ಇರಲಿಲ್ಲ. ಅವಳು ತನ್ನಷ್ಟಕ್ಕೆ ಏನೋ ಗುಣುಗುಣಿಸಿದಳು. ಆಮೇಲೆ, "ಹಂಗಾರ ನಮಗಿಂತ ಛಲೋ ಉಂಡಾನ ಬಿಡ್ರಿ" ಎಂದು ತಾಟು ಎಳೆದುಕೊಂಡು ರೊಟ್ಟಿ ಮುರಿದಳು. ಸೊಸೆ ಬಂದು ತಾಟಿನ ಅಂಚಿಗೆ ಚಟ್ನಿ ಹಾಕಿದಳು, ನೀರಿನ ತಂಬಿಗೆ ಇಟ್ಟಳು. ನನ್ನ ಕಡೆ ನೋಡಲಿಲ್ಲ.